ಅಗ್ಗದ ಸೋಲ್ಡರಿಂಗ್ ಐರನ್ ಕೊಳ್ಳುವ ಮುನ್ನ ಅಂಗಡಿಯ ವೋಲ್ಟೇಜ್ ನೋಡಿ

ಜತ್ತ: ಔಷಧ ಹೊಡೆಯುವ ಬ್ಯಾಟರಿ ಪಂಪು, ಬೋರ್‌ವೆಲ್ ಸ್ಟಾರ್ಟರಿನ ಆಟೋ ಸ್ವಿಚ್, ಎಲ್‌ಇಡಿ ಬಲ್ಬು, ಜಾತ್ರೆ ಹತ್ತಿರ ಬಂತೆಂದರೆ ಆಂಪ್ಲಿಫೈಯರ್. ಜತ್ತ ತಾಲೂಕಿನ ಹಳ್ಳಿಯಲ್ಲಿ ರಿಪೇರಿ ಅಂಗಡಿ ತೆರೆಯುವ ಹುಡುಗನ ಮೇಜಿಗೆ ಬರುವ ಸಾಮಾನುಗಳು ಇಂಥವೇ. ದಾಳಿಂಬೆ, ದ್ರಾಕ್ಷಿಗೆ ಔಷಧ ಹೊಡೆಯುವ ಹೊತ್ತಿಗೆ ಪಂಪು ಕೆಟ್ಟರೆ ರೈತ ಎರಡು ದಿನ ಕಾಯುವಂತಿಲ್ಲ. ಅದನ್ನು ಸರಿಮಾಡಲು ಆ ಹುಡುಗ ಮೊದಲು ಕೊಳ್ಳುವ ಉಪಕರಣವೇ ಸೋಲ್ಡರಿಂಗ್ ಐರನ್. ಅದರಲ್ಲಿ ನೂರು ರೂಪಾಯಿ ಉಳಿಸಲು ಹೋಗಿ ಗಿರಾಕಿಯ ಬೋರ್ಡನ್ನೇ ಸುಟ್ಟರೆ ಬೋರ್ಡಿನ ದುಡ್ಡೂ ಹೋಯಿತು, ಗಿರಾಕಿಯೂ ಹೋದ.

ಹೆಚ್ಚು ವ್ಯಾಟ್ ಇದ್ದರೆ ಒಳ್ಳೆಯದು ಎಂಬ ತಪ್ಪು ತಿಳಿವಳಿಕೆ ಅನೇಕರಲ್ಲಿದೆ. ಶೇ. 60 ತವರ, ಶೇ. 40 ಸೀಸ ಇರುವ ಸಾಮಾನ್ಯ ಬೆಸುಗೆ ತಂತಿ 183ರಿಂದ 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಬಿಟ್‌ನ ತುದಿ 350 ಡಿಗ್ರಿಯ ಆಸುಪಾಸು ಇದ್ದರೆ ಕೆಲಸ ಸಲೀಸು. ಸಾದಾ ಐರನ್ನಿಗೆ ಶಾಖ ನಿಲ್ಲಿಸುವ ವ್ಯವಸ್ಥೆಯೇ ಇರುವುದಿಲ್ಲ. 60 ವ್ಯಾಟ್‌ನದನ್ನು ಚಾಲೂ ಇಟ್ಟು ಚಹಾ ಕುಡಿದು ಬಂದರೆ ಅದು ಬೇಕಾದ್ದಕ್ಕಿಂತ ಬಹಳ ಮೇಲೇರಿರುತ್ತದೆ. ಮುಟ್ಟಿಸಿದ ಕೂಡಲೇ ಬೋರ್ಡಿನ ತಾಮ್ರದ ಗೆರೆ ಸಿಪ್ಪೆಯಂತೆ ಎದ್ದು ಬರುತ್ತದೆ. ಬೋರ್ಡಿನ ಕೆಲಸಕ್ಕೆ 25 ವ್ಯಾಟ್ ಸಾಕು. ದಪ್ಪ ವೈರು, ಬ್ಯಾಟರಿ ಟರ್ಮಿನಲ್‌ಗೆ ಮಾತ್ರ 60 ವ್ಯಾಟ್ ಬೇಕು.

ಇದು ಪುಸ್ತಕದ ಲೆಕ್ಕ. ಆದರೆ ಐರನ್ ಮೇಲೆ ಬರೆದ 25 ವ್ಯಾಟ್ 230 ವೋಲ್ಟ್ ಇದ್ದಾಗಿನ ಮಾತು. ಸುತ್ತಲಿನ ಪಂಪ್‌ಸೆಟ್‌ಗಳು ಒಟ್ಟಿಗೆ ಚಾಲೂ ಆಗಿ ವೋಲ್ಟೇಜ್ 170ಕ್ಕೆ ಇಳಿದರೆ ಶಾಖ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಆಗ 25 ವ್ಯಾಟ್‌ನ ಐರನ್ ಕೊಡುವುದು 14 ವ್ಯಾಟ್ ಕೂಡ ಅಲ್ಲ. ಬೆಸುಗೆ ಅಂಬಲಿಯಂತೆ ಎಳೆಯುತ್ತದೆ, ಹರಿಯುವುದಿಲ್ಲ. ಹೊಸಬ ಒತ್ತಿ ಹಿಡಿಯುತ್ತಾನೆ, ಇನ್ನಷ್ಟು ಹೊತ್ತು ಹಿಡಿಯುತ್ತಾನೆ, ಕೊನೆಗೆ ತಣ್ಣನೆಯ ಐರನ್ನಿನಿಂದಲೂ ಬೋರ್ಡು ಕೆಡುತ್ತದೆ! ಬೈಗುಳ ಮಾತ್ರ ಐರನ್ ಕಂಪನಿಗೆ.

ಆದ್ದರಿಂದ ಕೊಳ್ಳುವ ಮುಂಚೆ ಎರಡು ಮೂರು ದಿನ, ಬೆಳಿಗ್ಗೆ ಮತ್ತು ಸಂಜೆ, ಅಂಗಡಿಯ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ಅಳೆಯುವುದು ಮೇಲು. 220ರ ಮೇಲೆ ನಿಲ್ಲುತ್ತಿದ್ದರೆ 25 ವ್ಯಾಟ್. ಪದೇ ಪದೇ 180ರ ಕೆಳಗೆ ಇಳಿಯುತ್ತಿದ್ದರೆ 35 ವ್ಯಾಟ್. 170 ವೋಲ್ಟಿನಲ್ಲೂ ಅದು ಸುಮಾರು 19 ವ್ಯಾಟ್ ಕೊಡುತ್ತದೆ. ಆದರೆ ರಾತ್ರಿ ವೋಲ್ಟೇಜ್ 250ಕ್ಕೆ ಏರಿದರೆ ಇದೇ ಐರನ್ 41 ವ್ಯಾಟ್ ಆಗುತ್ತದೆ ಎಂಬುದನ್ನೂ ಮರೆಯಬಾರದು.

ಕರೆಂಟ್ ಹೋದರೆ? 12 ವೋಲ್ಟಿನ ಐರನ್‌ಗಳೂ ಸಿಗುತ್ತವೆ. 30 ವ್ಯಾಟ್‌ನದು ಎರಡೂವರೆ ಆಂಪಿಯರ್ ಎಳೆಯುತ್ತದೆ. ಔಷಧ ಪಂಪಿನಲ್ಲಿ ಇರುವಂಥ 12 ವೋಲ್ಟ್, 8 ಆಂಪಿಯರ್-ಅವರ್ ಬ್ಯಾಟರಿ ಚೆನ್ನಾಗಿದ್ದರೆ ಒಂದೂವರೆ ತಾಸು ಧಾರಾಳವಾಗಿ ನಡೆಯುತ್ತದೆ. ಬ್ಯಾಟರಿ ಪೂರ್ತಿ ಬರಿದಾಗುವವರೆಗೆ ಎಳೆಯಬಾರದಷ್ಟೆ.

ಶಾಖ ಹೊಂದಿಸುವ ಗುಂಡಿ ಇರುವ ಅಗ್ಗದ ಐರನ್‌ಗಳ ಬಗ್ಗೆ ಎಚ್ಚರ ಬೇಕು. ಕೆಲವದರಲ್ಲಿ ಇರುವುದು ಫ್ಯಾನ್ ರೆಗ್ಯುಲೇಟರಿನಂಥ ಸರ್ಕೀಟು ಮಾತ್ರ. ಶಾಖ ಅಳೆಯುವ ಸೆನ್ಸರ್ ಇರುವುದಿಲ್ಲ, ಗುಂಡಿಯ ಮೇಲಿನ ಅಂಕಿಗೆ ಅರ್ಥವೂ ಇರುವುದಿಲ್ಲ. ಸೆನ್ಸರ್ ಇರುವ, 936 ಮಾದರಿಯ ಸ್ಟೇಷನ್ ಬೇರೆ ಜಾತಿ. ಬಿಟ್ ತಣ್ಣಗಾದರೆ ತಾನೇ ಕಾಯಿಸುತ್ತದೆ, ಕಾದರೆ ತಾನೇ ನಿಲ್ಲಿಸುತ್ತದೆ. ಬೆಲೆ ಸಾದಾ ಐರನ್ನಿನ ಹಲವು ಪಟ್ಟು. ಮೊಬೈಲ್ ಬೋರ್ಡು ಮುಟ್ಟುವವರಿಗೆ ಇದು ಬೇಕೇ ಬೇಕು, ಏಕೆಂದರೆ ಈಗಿನ ಫೋನುಗಳಲ್ಲಿರುವ ಸೀಸವಿಲ್ಲದ ಬೆಸುಗೆ 217 ಡಿಗ್ರಿಯ ಮೇಲೆಯೇ ಕರಗುವುದು. ಪಂಪು, ಬಲ್ಬು ರಿಪೇರಿಯವರು ಗಳಿಕೆ ಶುರುವಾದ ಮೇಲೆ ಕೊಂಡರೆ ಸಾಕು.

ಬಿಟ್ ನೋಡಲು ಒಂದು ಅಯಸ್ಕಾಂತ ಜೇಬಿನಲ್ಲಿರಲಿ. ತಾಮ್ರದ ಮೇಲೆ ಕಬ್ಬಿಣದ ಲೇಪ ಇರುವ ಬಿಟ್ ಅದಕ್ಕೆ ಗಟ್ಟಿಯಾಗಿ ಅಂಟುತ್ತದೆ, ಬರೀ ತಾಮ್ರದ್ದು ಅಂಟುವುದಿಲ್ಲ. ಬರೀ ತಾಮ್ರವನ್ನು ಕರಗಿದ ತವರ ದಿನದಿನಕ್ಕೆ ತಿನ್ನುತ್ತದೆ. ಅದಕ್ಕೆ ಅರ ಹಚ್ಚಿ ತುದಿ ಸರಿಮಾಡಬಹುದು. ಲೇಪದ ಬಿಟ್‌ಗೆ ಅರ ಹಚ್ಚಿದರೆ ಅದರ ಕಥೆ ಅಲ್ಲಿಗೇ ಮುಗಿಯಿತು. ಒದ್ದೆ ಸ್ಪಂಜಿನಲ್ಲಿ ಒರೆಸಿ, ಇಡುವಾಗ ತುದಿಗೆ ಸ್ವಲ್ಪ ಬೆಸುಗೆ ಹಚ್ಚಿಡಬೇಕು. ಸಾಂಗಲಿಯಲ್ಲಿ ಕೊಳ್ಳಲಿ, ವಿಜಯಪುರದಲ್ಲಿ ಕೊಳ್ಳಲಿ, ಬದಲಿ ಬಿಟ್ ಸಿಗುತ್ತದೆಯೇ ಎಂದು ಕೇಳದೆ ಐರನ್ ತರುವುದು ತರವಲ್ಲ.

ಮೂರು ಪಿನ್ನಿನದೇ ಇರಲಿ. ಪ್ಲಗ್ ಹೊರಗಿದ್ದಾಗ ಅದರ ಅರ್ಥ್ ಪಿನ್ನಿಗೂ ಬಿಟ್‌ಗೂ ಮೀಟರ್ ಹಿಡಿದರೆ ಒಂದೆರಡು ಓಮ್ ತೋರಿಸಬೇಕು. ಎರಡು ಪಿನ್ನಿನ ಕಳಪೆ ಐರನ್‌ಗಳಲ್ಲಿ ಬಿಟ್‌ವರೆಗೂ ಕರೆಂಟ್ ಸೋರಿ ಐಸಿ ಸಾಯುವುದುಂಟು. ಕಲಾಯಿಗಾರರ ನವಸಾಗರ, ಆಸಿಡ್ ಬೋರ್ಡಿನ ಹತ್ತಿರ ಸುಳಿಯಬಾರದು, ತಾಮ್ರ ಹಸಿರುಗಟ್ಟುತ್ತದೆ. ರಾಳದ ಫ್ಲಕ್ಸ್ ಸಾಕು.

ಬೆಸುಗೆ ಹಾಕುವಾಗ ಏಳುವ ಹೊಗೆ ಆ ರಾಳದ್ದು, ಸೀಸದ್ದಲ್ಲ. ಆದರೂ ಅದು ಶ್ವಾಸಕ್ಕೆ ಒಳ್ಳೆಯದಲ್ಲ, ಪಕ್ಕದಲ್ಲೊಂದು ಸಣ್ಣ ಫ್ಯಾನ್ ಇಟ್ಟು ಆಚೆ ಹಾಯಿಸಬೇಕು. ಸೀಸ ಒಳಗೆ ಹೋಗುವುದು ಕೈಯಿಂದ: ಬೆಸುಗೆ ತಂತಿ ಹಿಡಿದ ಕೈಯನ್ನು ಸಾಬೂನು ಹಚ್ಚಿ ತೊಳೆಯದೆ ರೊಟ್ಟಿ ಮುರಿಯಬಾರದು.