ಬೇರಿಗೂ ಉಸಿರು ಬೇಕು

ಹಾನಗಲ್ಲ ತಾಲ್ಲೂಕಿನಲ್ಲಿ ಜುಲೈ ಮಳೆ ಹಿಡಿದುಕೊಂಡಿತೆಂದರೆ ಬದುವಿನ ಎರಡು ಕಡೆ ಎರಡು ತರದ ಗಡಿಬಿಡಿ. ಈ ಕಡೆ ಭತ್ತದ ಗದ್ದೆಯವನು ನೀರು ಹರಿದುಹೋಗದಂತೆ ಬದುವಿನ ಬಾಯಿಗೆ ಮಣ್ಣು ಮೆತ್ತುತ್ತಿರುತ್ತಾನೆ. ಆ ಕಡೆ ಶುಂಠಿ ಹಾಕಿದವನು ಸಲಿಕೆ ಹಿಡಿದು, ಮಡಿಗಳ ನಡುವಿನ ಬಸಿಗಾಲುವೆಯನ್ನು ಇನ್ನಷ್ಟು ಆಳ ಮಾಡುತ್ತಿರುತ್ತಾನೆ. ಮಳೆ ಒಂದೇ, ಮಣ್ಣೂ ಹೆಚ್ಚುಕಡಿಮೆ ಒಂದೇ. ಒಂದು ಬೆಳೆ ವಾರಗಟ್ಟಲೆ ನೀರಲ್ಲಿ ನಿಂತು ತೆನೆ ಕಟ್ಟುತ್ತದೆ. ಇನ್ನೊಂದು, ಬುಡದಲ್ಲಿ ನಾಲ್ಕು ದಿನ ನೀರು ನಿಂತರೆ ಕೊಳೆಯತೊಡಗುತ್ತದೆ.

ಈ ವ್ಯತ್ಯಾಸದ ಕಾರಣ ನೀರಿನಲ್ಲಿಲ್ಲ, ಗಾಳಿಯಲ್ಲಿದೆ.

ಬೇರೆಂದರೆ ನೀರು ಹೀರುವುದು, ಗಿಡವನ್ನು ನೆಲಕ್ಕೆ ಹಿಡಿದಿಡುವುದು ಎಂದು ಶಾಲೆಯಲ್ಲಿ ಎಲ್ಲರೂ ಓದಿರುತ್ತಾರೆ. ಬೇರು ಉಸಿರಾಡುತ್ತದೆ ಎಂಬುದನ್ನು ಓದಿದ್ದರೂ ಮರೆತಿರುತ್ತಾರೆ. ಎಲೆ ತಯಾರಿಸಿದ ಸಕ್ಕರೆ ಫ್ಲೋಯಂ ಎಂಬ ಸಾಗಣೆ ಅಂಗಾಂಶದ ಮೂಲಕ ಬೇರಿಗೆ ಇಳಿಯುತ್ತದೆ. ಅದನ್ನು ಆಮ್ಲಜನಕದ ನೆರವಿನಿಂದ ದಹಿಸಿಯೇ ಬೇರು ಬೆಳೆಯಬೇಕು, ಮಣ್ಣಿನ ಸಾರಜನಕ, ಪೊಟ್ಯಾಶ್‌ಗಳನ್ನು ಒಳಗೆಳೆದುಕೊಳ್ಳಬೇಕು. ಹದವಾದ ಮಣ್ಣಿನ ಕಣಗಳ ಸಂದಿಯಲ್ಲಿ ಗಾಳಿ ಓಡಾಡುತ್ತದೆ. ಆ ಸಂದಿಗಳಲ್ಲಿ ನೀರು ತುಂಬಿಕೊಂಡರೆ ಆಮ್ಲಜನಕದ ನಡಿಗೆ ಸುಮಾರು 10,000 ಪಟ್ಟು ನಿಧಾನವಾಗುತ್ತದೆ. ಇದ್ದಬದ್ದದ್ದನ್ನು ಬೇರು ಮತ್ತು ಮಣ್ಣಿನ ಸೂಕ್ಷ್ಮಜೀವಿಗಳು ಒಂದೆರಡು ದಿನದಲ್ಲೇ ಮುಗಿಸಿಬಿಡುತ್ತವೆ. ಆಮೇಲೆ ಬೇರಿಗೆ ನೀರು ಹೀರುವ ತ್ರಾಣವೂ ಉಳಿಯುವುದಿಲ್ಲ. ಕೆಸರಲ್ಲಿ ನಿಂತ ಗಿಡ ಬಾಡುವುದು ಹೀಗೆ.

ಹಿರೇಕೆರೂರಿನ ಎರೆ ಹೊಲಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಎರೆ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಸಂದಿಗಳು ಮುಚ್ಚಿಕೊಳ್ಳುತ್ತವೆ. ಮೊಳಕಾಲೆತ್ತರಕ್ಕೂ ಬಾರದ ಗೋವಿನಜೋಳ ಜಡಿಮಳೆಯ ನಂತರ ಹಳದಿಗೆ ತಿರುಗಿತೆಂದರೆ ರೈತನ ಕೈ ಯೂರಿಯಾ ಚೀಲದತ್ತ ಹೋಗುತ್ತದೆ. ಸಾರಜನಕ ಕಡಿಮೆಯಾಗಿದೆ ಎಂಬ ಲೆಕ್ಕ ತಪ್ಪೇನಲ್ಲ. ಆದರೆ ಗಾಳಿಯಿಲ್ಲದ ಮಣ್ಣಿನಲ್ಲಿ ಕೆಲವು ಸೂಕ್ಷ್ಮಜೀವಿಗಳು ನೈಟ್ರೇಟನ್ನು ಅನಿಲವಾಗಿಸಿ ಮೇಲಕ್ಕೆ ಬಿಟ್ಟುಬಿಡುತ್ತವೆ, ಉಳಿದದ್ದನ್ನು ಹೀರಲು ಬೇರಿಗೆ ಶಕ್ತಿಯಿಲ್ಲ. ನೀರು ಬಸಿಯುವ ಮೊದಲೇ ಚೆಲ್ಲಿದ ಯೂರಿಯಾದಲ್ಲಿ ಬಹುಪಾಲು ದುಡ್ಡು ನೀರಿಗೇ ಹೋದಂತೆ. ಮೊದಲು ಹರಿ ತೆಗೆದು ನೀರು ಬಿಡಬೇಕು, ಹೊಲ ಆರಿದ ಮೇಲೆ ಎಡೆ ಹೊಡೆಯಬೇಕು. ಗೊಬ್ಬರದ ಸರದಿ ಆಮೇಲಿನದು. ಎಡೆಕುಂಟೆ ಕಳೆ ತೆಗೆಯುವುದರ ಜೊತೆಗೆ ಮಣ್ಣಿನ ಮೇಲ್ಪದರ ಒಡೆದು ಗಾಳಿಗೆ ದಾರಿ ಮಾಡುತ್ತದೆ. ಎತ್ತಿನ ಹಿಂದೆ ನಡೆಯುವ ಆ ಸಾಧಾರಣ ಸಲಕರಣೆಗೆ ಇರಬೇಕಾದಷ್ಟು ಮರ್ಯಾದೆ ಸಿಕ್ಕಿಲ್ಲ.

ಹಾಗಾದರೆ ಭತ್ತಕ್ಕೇನು ವಿಶೇಷ? ಭತ್ತದ ಬೇರನ್ನು ಅಡ್ಡ ಕೊಯ್ದು ಭೂತಗನ್ನಡಿಯಲ್ಲಿ ನೋಡಿದರೆ ಹೊರಪದರಕ್ಕೂ ನಡುವಿನ ನಾಳಗಳಿಗೂ ಮಧ್ಯೆ ದೊಡ್ಡ ದೊಡ್ಡ ಖಾಲಿ ಜಾಗಗಳು ಕಾಣುತ್ತವೆ. ಎಳನೀರಿಗೆ ಇಳಿಸಿದ ಕೊಳವೆಯಂತೆ ಈ ಪೊಳ್ಳು ಎಲೆಯಿಂದ ಕಾಂಡಕ್ಕೆ, ಕಾಂಡದಿಂದ ಬೇರಿನ ತುದಿಗೆ ಸಾಗಿರುತ್ತದೆ. ಮೇಲಿನ ಗಾಳಿ ಇದರಲ್ಲೇ ಇಳಿಯುತ್ತದೆ. ಹಾನಗಲ್ಲ, ಶಿಗ್ಗಾವಿ ಸೀಮೆಯ ಕೂರಿಗೆ ಭತ್ತ ಇನ್ನೂ ಸ್ವಾರಸ್ಯದ್ದು. ಮುಂಗಾರಿನ ಆರಂಭದಲ್ಲಿ ಒಣ ಭೂಮಿಗೆ ಕೂರಿಗೆಯಿಂದ ಬಿತ್ತಿದ ಬೀಜ ಮೊದಮೊದಲು ಖುಷ್ಕಿ ಬೆಳೆಯ ಹಾಗೆ ಬೆಳೆದು, ಮಳೆ ಜೋರಾದ ಮೇಲೆ ನೀರಲ್ಲಿ ನಿಲ್ಲುತ್ತದೆ. ನೀರು ನಿಂತಾಗ ಬೇರು ಒಳಗಿನ ಪೊಳ್ಳನ್ನು ಹಿಗ್ಗಿಸಿಕೊಳ್ಳುತ್ತದೆ, ಜೊತೆಗೆ ಆಮ್ಲಜನಕ ದಾರಿಯಲ್ಲೇ ಸೋರದಂತೆ ಹೊರಗೋಡೆಯನ್ನು ಬಿಗಿಗೊಳಿಸುತ್ತದೆ. ಆದರೂ ಕೊಂಚ ಸೋರುತ್ತದೆ. ನೀರು ನಿಂತ ಗದ್ದೆಯಿಂದ ಭತ್ತದ ಬುಡ ಕಿತ್ತು ತೊಳೆದರೆ ಹಳೆಯ ಬೇರುಗಳ ಮೇಲೆ ಕೆಂಪು ಬಣ್ಣ ಕಾಣುವುದು ಅದಕ್ಕೇ. ಹೊರಬಂದ ಆಮ್ಲಜನಕ ಕೆಸರಿನ ಕಬ್ಬಿಣದೊಂದಿಗೆ ಸೇರಿ ಹಿಡಿದ ತುಕ್ಕು ಅದು.

ಗೋವಿನಜೋಳಕ್ಕೂ ಈ ವಿದ್ಯೆ ಅಷ್ಟಿಷ್ಟು ಗೊತ್ತು. ನೀರು ನಿಂತಾಗ ಬೇರಿನೊಳಗೆ ಎಥಿಲೀನ್ ಅನಿಲ ಶೇಖರವಾಗುತ್ತದೆ. ಅದರ ಸೂಚನೆಯಂತೆ ಕೆಲವು ಜೀವಕೋಶಗಳು ತಾವೇ ಸತ್ತು ಗಾಳಿಗೆ ಜಾಗ ಬಿಡುತ್ತವೆ. ತೊಂದರೆಯೆಂದರೆ ಇದಕ್ಕೆ ಸಮಯ ಹಿಡಿಯುತ್ತದೆ, ಅಷ್ಟರಲ್ಲಿ ಎಳೆ ಸಸಿ ಸೋತಿರುತ್ತದೆ. ಐದಾರು ಎಲೆ ಬರುವ ತನಕ ಅದರ ಬೆಳೆಯುವ ಸುಳಿ ನೆಲದೊಳಗೇ ಇರುವುದರಿಂದ ಅಪಾಯ ಇನ್ನೂ ಹೆಚ್ಚು. ದೊಡ್ಡದಾದ ಮೇಲೆ ದಂಟಿನ ಕೆಳಗಣ್ಣುಗಳಿಂದ ದಪ್ಪ ಬೇರುಗಳು ಹೊರಟು ಓರೆಯಾಗಿ ನೆಲಕ್ಕೆ ಊರುತ್ತವೆ. ತೆನೆಯ ಭಾರಕ್ಕೂ ಗಾಳಿಗೂ ಬೀಳದಂತೆ ತಡೆಯುವ ಊರುಗೋಲು ಬೇರುಗಳಿವು. ಸಾಲಿಗೆ ಮಣ್ಣು ಏರಿಸುವುದು ಇವುಗಳಿಗೆ ಹಿಡಿತ ಸಿಗಲೆಂದೇ.

ಬೇರಿನ ಅಸಲಿ ಕೆಲಸ ನಡೆಯುವುದು ತುದಿಯ ಕೆಲವೇ ಸೆಂಟಿಮೀಟರುಗಳಲ್ಲಿ. ತುತ್ತತುದಿಗೆ ಒಂದು ಟೊಪ್ಪಿಗೆ ಇದೆ. ಮಣ್ಣಿಗೆ ಉಜ್ಜಿ ಸವೆದಂತೆ ಹೊಸದಾಗುತ್ತಲೇ ಇರುತ್ತದೆ, ಲೋಳೆ ಸುರಿಸಿ ದಾರಿ ನುಣುಪು ಮಾಡುತ್ತದೆ. ಕೆಳಗೆ ಯಾವ ಕಡೆ ಎಂಬುದನ್ನೂ ಅದೇ ಗುರುತಿಸುತ್ತದೆ. ಟೊಪ್ಪಿಗೆಯ ಹಿಂದೆ ಕೋಶಗಳು ಹುಟ್ಟುವ ಜಾಗ, ಅದರ ಹಿಂದೆ ಅವು ನೀಳವಾಗುವ ಜಾಗ, ನಂತರ ಬೇರುಗೂದಲು. 1937ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಪೆಟ್ಟಿಗೆಯಲ್ಲಿ ನಾಲ್ಕು ತಿಂಗಳು ಬೆಳೆಸಿದ ಒಂದೇ ಒಂದು ರೈ ಗಿಡದ ಬೇರುಗಳ ಒಟ್ಟು ಉದ್ದ ಸುಮಾರು 620 ಕಿಲೋಮೀಟರ್ ಎಂದು ಲೆಕ್ಕ ಹಾಕಿದ್ದರು. ಹಾವೇರಿಯಿಂದ ಬೆಂಗಳೂರಿಗೆ ಹೋಗಿಬರುವ ದಾರಿಗೆ ಸ್ವಲ್ಪವೇ ಕಡಿಮೆ. ಬೇರುಗೂದಲುಗಳು ಸುಮಾರು 1,400 ಕೋಟಿ. ಸಸಿ ಕಿತ್ತು ನೆಡುವಾಗ ಹರಿದುಹೋಗುವುದು ಈ ಕೂದಲುಗಳೇ. ನಾಟಿಯಾದ ಸಸಿ ಕೆಲವು ದಿನ ಸೊರಗುವುದೂ ಅದರಿಂದಲೇ.

ಇನ್ನು ಶುಂಠಿ. ನೆಲದೊಳಗಿದೆ ಎಂದ ಮಾತ್ರಕ್ಕೆ ಅದು ಬೇರಲ್ಲ, ಕಾಂಡ. ಗೆಣ್ಣುಗಳಿವೆ, ಗೆಣ್ಣಿಗೆ ಅಂಟಿಕೊಂಡ ಒಣ ಹೊಟ್ಟಿನಂಥ ಎಲೆಗಳಿವೆ, ಮೊಳೆಯುವ ಕಣ್ಣುಗಳಿವೆ. ಬೇರಿಗೆ ಇದ್ಯಾವುದೂ ಇರುವುದಿಲ್ಲ. ಬೀಜಕ್ಕೆಂದು ಶುಂಠಿ ಮುರಿಯುವವರು ಪ್ರತಿ ತುಂಡಿನಲ್ಲೂ ಕಣ್ಣಿದೆಯೇ ಎಂದು ನೋಡುತ್ತಾರಲ್ಲ, ಅದೇ ಕಾಂಡದ ಗುರುತು. ಹಾನಗಲ್ಲಿನ ಶುಂಠಿ ಬೆಳೆಗಾರರ ನಿದ್ದೆ ಕೆಡಿಸುವ ಗಡ್ಡೆ ಕೊಳೆ ರೋಗಕ್ಕೆ ಮುಖ್ಯ ಕಾರಣ ಪಿಥಿಯಂ ಎಂಬ ಸೂಕ್ಷ್ಮಜೀವಿ. ಅದರ ಬೀಜಕಣಗಳು ನೀರಲ್ಲಿ ಈಜಿಕೊಂಡು ಗಿಡದಿಂದ ಗಿಡಕ್ಕೆ ಹೋಗುತ್ತವೆ. ನಿಂತ ನೀರು ಒಂದೇ ಏಟಿಗೆ ಬೇರಿನ ಉಸಿರು ಕಟ್ಟಿಸುತ್ತದೆ, ರೋಗಕ್ಕೆ ಸವಾರಿಯನ್ನೂ ಒದಗಿಸುತ್ತದೆ. ಎತ್ತರದ ಮಡಿ, ಆಳದ ಬಸಿಗಾಲುವೆ ಎರಡಕ್ಕೂ ಉತ್ತರ.

ಸವಣೂರಿನ ಎಲೆಬಳ್ಳಿಯದು ಇದರ ತಿರುವುಮುರುವು: ಇಲ್ಲಿ ಬೇರು ನೆಲದ ಮೇಲೆ. ಬಳ್ಳಿಯ ಪ್ರತಿ ಗೆಣ್ಣಿನಲ್ಲೂ ಹುಟ್ಟುವ ಗಿಡ್ಡ ಬೇರುಗಳು ಆಸರೆಯ ಮರದ ತೊಗಟೆಯನ್ನು ಹಿಡಿದು ಹತ್ತುತ್ತವೆ. ಇವು ಆ ಮರದ ರಸ ಹೀರುವುದಿಲ್ಲ, ಹಿಡಿದುಕೊಳ್ಳುತ್ತವೆ ಅಷ್ಟೆ. ಅದೇ ಗೆಣ್ಣನ್ನು ಮಣ್ಣಿನಲ್ಲಿ ಹೂತರೆ ಮಣ್ಣಿನ ಬೇರು ಬಿಡುತ್ತದೆ. ಎಲೆ ತೋಟದವರು ಕೈಗೆ ಎಟುಕದಷ್ಟು ಬೆಳೆದ ಬಳ್ಳಿಯನ್ನು ಇಳಿಸಿ, ಬುಡದ ಭಾಗವನ್ನು ಸುತ್ತಿ ಮಣ್ಣು ಮುಚ್ಚುವುದರ ಹಿಂದಿರುವ ಲೆಕ್ಕ ಇದು. ಹಳೆಯ ಬಳ್ಳಿಗೆ ಹೊಸ ಬೇರು ಸಿಗುತ್ತದೆ.

ಗಾಳಿ ಕಡಿಮೆಯಾದರೆ ಕಷ್ಟ ನಿಜ. ಹೆಚ್ಚಾದರೂ ಕೆಡುವ ಒಂದು ಜಾಗ ಬೇರಿನಲ್ಲಿದೆ. ಶೇಂಗಾ ಗಿಡ ಕಿತ್ತರೆ ಬೇರಿನ ತುಂಬ ಸಣ್ಣ ಗಂಟುಗಳು. ಅವುಗಳೊಳಗಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುತ್ತವೆ. ಆ ಕೆಲಸದ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಹಾಳು, ಆದರೆ ಬ್ಯಾಕ್ಟೀರಿಯಾಗಳಿಗೆ ಬದುಕಲು ಆಮ್ಲಜನಕ ಬೇಕೇಬೇಕು. ಅದಕ್ಕೆ ಗಂಟಿನೊಳಗೆ ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಬಳಗಕ್ಕೆ ಸೇರಿದ ಒಂದು ಕೆಂಪು ವಸ್ತು ತಯಾರಾಗಿ, ಆಮ್ಲಜನಕವನ್ನು ಅಳೆದು ಅಳೆದು ಕೊಡುತ್ತದೆ. ಗಂಟನ್ನು ಉಗುರಿನಿಂದ ಒಡೆದಾಗ ಒಳಗೆ ತಿಳಿಗೆಂಪು ಕಂಡರೆ ಕೆಲಸ ನಡೆದಿದೆ ಎಂದರ್ಥ.

ಕಾಂಡದ ಮಾತು ಬಂದರೆ ಸವಣೂರಿನ ದೊಡ್ಡ ಹುಣಸೆ ಕಲ್ಮಠಕ್ಕೇ ಹೋಗಬೇಕು. ಅಲ್ಲಿನ ಮೂರು ಭಾರಿ ಮರಗಳು ಹೆಸರಿಗೆ ಹುಣಸೆ, ಜಾತಿಯಲ್ಲಿ ಆಫ್ರಿಕಾದ ಬಾವೊಬಾಬ್. ಎರಡು ಸಾವಿರ ವರ್ಷದವು ಎಂದು ಊರವರು ಹೇಳುತ್ತಾರೆ. ಬಾವೊಬಾಬಿನ ವಯಸ್ಸನ್ನು ದಪ್ಪ ನೋಡಿ ಹೇಳಲಾಗದು, ಉಂಗುರ ಎಣಿಸಿಯೂ ನೆಚ್ಚಲಾಗದು. ಇಂಗಾಲದ ಪರೀಕ್ಷೆಯೇ ಆಗಬೇಕು. ಈ ಜಾತಿ ಭಾರತಕ್ಕೆ ಆಫ್ರಿಕಾದಿಂದ ಒಂದಕ್ಕಿಂತ ಹೆಚ್ಚು ಸಲ ಬಂದಿದೆ ಎಂದು 2015ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿದೆ.

ಈ ಮರದ ಬೊಡ್ಡೆ ಹೆಸರಿಗಷ್ಟೇ ಕಟ್ಟಿಗೆ. ಒಳಗೆ ತುಂಬಿರುವುದು ನೀರು ಹಿಡಿದಿಟ್ಟುಕೊಳ್ಳುವ ಮೃದು ಕೋಶಗಳು. ನಾಟಾಕ್ಕೆ ಬಾರದು, ಒಲೆಗೂ ಬಾರದು. ಇಷ್ಟು ಕಾಲ ಯಾರೂ ಕೊಡಲಿ ಹಾಕದಿರಲು ಅದೂ ಒಂದು ಕಾರಣ ಇದ್ದೀತು. ಬೇಸಿಗೆಯ ದಾಹ ನೀಗಲು ಮರ ಈ ನೀರನ್ನು ಕುಡಿಯುತ್ತದೆ ಎಂಬ ನಂಬಿಕೆಯಿತ್ತು. ಮಡಗಾಸ್ಕರ್‌ನ ಬಾವೊಬಾಬ್‌ಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯೇ ಹೇಳಿತು: ಕೂಡಿಟ್ಟ ನೀರನ್ನು ಮರ ಮಳೆಗೆ ಮೊದಲು ಹೊಸ ಎಲೆ ಬಿಡಲು ಬಳಸುತ್ತದೆ, ಆ ಎಲೆಗಳ ರಂಧ್ರಗಳು ಮಳೆ ಬರುವ ತನಕ ಹೆಚ್ಚು ತೆರೆಯುವುದೇ ಇಲ್ಲ. ಮೆತ್ತಗಿನ ಬೊಡ್ಡೆ ಬಾಗದೆ ನಿಲ್ಲಲು ಕೂಡ ಆ ನೀರಿನ ಒತ್ತಡ ಬೇಕು.

ಎಳೆಯದಿದ್ದಾಗ ಬಾವೊಬಾಬಿಗೆ ಗಡ್ಡೆಯಂಥ ತಾಯಿಬೇರು ಇರುತ್ತದೆ. ದೊಡ್ಡ ಮರವನ್ನು ಹಿಡಿದಿರುವುದು ಮಾತ್ರ ಬಹು ಆಳಕ್ಕಿಳಿಯದೆ ದೂರದೂರಕ್ಕೆ ಹಬ್ಬಿದ ಬೇರುಗಳು. ಗಾಳಿ ಸಿಗುವ ಮೇಲ್ಮಣ್ಣಿನಲ್ಲೇ ಅವುಗಳ ಸಂಸಾರ. 2023ರ ಜುಲೈ ಮಳೆಯಲ್ಲಿ ಕಲ್ಮಠದ ಮೂರರಲ್ಲಿ ಒಂದು ಮರ ಬುಡಸಮೇತ ಉರುಳಿತು. ಸುದ್ದಿ ನಾಡಿನ ತುಂಬ ಹಬ್ಬಿ, ಕ್ರೇನ್‌ಗಳ ನೆರವಿನಿಂದ ಅದನ್ನು ಎತ್ತಿ ಮತ್ತೆ ನೆಟ್ಟರು. ಇಂಥ ಮರ ನೆಟ್ಟ ಮೇಲೆ ಕೊಡಗಟ್ಟಲೆ ನೀರು ಸುರಿಯಬೇಕೆಂದು ಯಾರಿಗಾದರೂ ಅನಿಸುತ್ತದೆ. ಆದರೆ ಬೊಡ್ಡೆಯಲ್ಲೇ ನೀರಿದೆ. ಇಲ್ಲದ್ದು ಹರಿದುಹೋದ ಬೇರುತುದಿಗಳು. ಅವು ಮತ್ತೆ ಮೂಡಲು ಗುಂಡಿಯಲ್ಲಿ ನೀರು ಮಡುಗಟ್ಟದಂತೆ, ಬುಡದ ಮಣ್ಣು ಜನರ ಕಾಲ್ತುಳಿತಕ್ಕೆ ಗಟ್ಟಿಯಾಗದಂತೆ ನೋಡಿಕೊಳ್ಳಬೇಕು. ಭಕ್ತಿಯಿಂದ ಸಿಮೆಂಟಿನ ಕಟ್ಟೆ ಕಟ್ಟುವವರನ್ನು ತಡೆಯುವುದು ಬಹುಶಃ ಎಲ್ಲಕ್ಕಿಂತ ಕಷ್ಟದ ಕೆಲಸ.