ನಿಸ್ತಂತು ಉಪಕರಣಗಳ ಸಂಶೋಧನೆ ಮತ್ತು ವಿದ್ಯಾರ್ಥಿವೇತನ

ಡಾಕ್ಟರೇಟ್ ವ್ಯಾಸಂಗವೆಂದರೆ ಮನೆಗೆ ಹೊರೆಯೆಂದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹೆತ್ತವರು ಹಿಂಜರಿಯಬೇಕಾಗಿಲ್ಲ. ನಿಸ್ತಂತು ಸಂಪರ್ಕದ ಉಪಕರಣಗಳನ್ನು ಕುರಿತ ಸಂಶೋಧನೆಯೇ ಇದಕ್ಕೆ ನಿದರ್ಶನ. ಮೊಬೈಲಿನ ಆಂಟೆನಾವನ್ನು ತಲಪುವ ಅಲೆ ಅತಿ ಕ್ಷೀಣವಾದುದು. ಅದನ್ನು ಗದ್ದಲದಿಂದ ಬೇರ್ಪಡಿಸಿ ವರ್ಧಿಸಬೇಕು. ಗೋಪುರದ ವರ್ಧಕವಾದರೋ ವಿದ್ಯುತ್ತಿನ ಗಣನೀಯ ಭಾಗವನ್ನು ಶಾಖವಾಗಿ ಕಳೆಯುತ್ತದೆ. ಇಂತಹ ಕೊರತೆಗಳ ನಿವಾರಣೆಯೇ ಸಂಶೋಧಕರ ಕಾರ್ಯ.

ಬೆಂಗಳೂರಿನಲ್ಲಿ 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದಕ್ಕೆ ಅವಕಾಶವುಂಟು. ಬಿ.ಇ. ಪದವೀಧರರು ಗೇಟ್ ಪರೀಕ್ಷೆ ಹಾಗೂ ಸಂದರ್ಶನಗಳ ಮೂಲಕ ನೇರವಾಗಿ ಪ್ರವೇಶ ಪಡೆಯಬಹುದು. 2023ರ ಪರಿಷ್ಕರಣೆಯಲ್ಲಿ ಕೇಂದ್ರದ ಕಿರಿಯ ಸಂಶೋಧನಾ ವೇತನವು ತಿಂಗಳಿಗೆ 37,000 ರೂಪಾಯಿಗೂ ಹಿರಿಯ ವೇತನವು 42,000 ರೂಪಾಯಿಗೂ ಏರಿತು.

ಈ ಸಂಗತಿಯನ್ನು ಪ್ರೌಢಶಾಲೆಯಲ್ಲಿಯೇ ಮಕ್ಕಳಿಗೂ ಹೆತ್ತವರಿಗೂ ತಿಳಿಸುವ ಹೊಣೆ ಅಧ್ಯಾಪಕರದು. ಪರೀಕ್ಷಾ ಸಿದ್ಧತೆಯ ಪುಸ್ತಕ, ಪ್ರಯಾಣಗಳ ವೆಚ್ಚಕ್ಕೆ ದಾನಿಗಳು ನೆರವಾದರೆ ಆ ದಾನ ಸಾರ್ಥಕ.