ಅವನ್‌ನಲ್ಲಿ ಜಾವಾ, ಬಾಲ್ಕನಿಯಲ್ಲಿ ಬೇರಿಂಗ್

2024ರ ಜನವರಿ ಮೊದಲ ವಾರ. ಉತ್ತರ ಸ್ವೀಡನ್ ಹೆಪ್ಪುಗಟ್ಟಿ ಕೂತಿತ್ತು. ಒಳನಾಡಿನ ಕ್ವಿಕ್‌ಯೊಕ್‌ನಲ್ಲಿ ತಾಪಮಾನ ಸೊನ್ನೆಗಿಂತ 43 ಡಿಗ್ರಿ ಕೆಳಕ್ಕೆ ಇಳಿದಿದೆಯೆಂದು ಟಿವಿಯಲ್ಲಿ ಹೇಳುತ್ತಿದ್ದರು. ಸಮುದ್ರದ ದಡದಲ್ಲಿರುವ ನಮ್ಮ ಲುಲೆಯೊದಲ್ಲಿ ಅಷ್ಟಿಲ್ಲದಿದ್ದರೂ ಬಾಲ್ಕನಿಯ ಬಾಗಿಲು ತೆರೆದರೆ ಮೂಗಿನೊಳಗಿನ ಕೂದಲು ಸೆಟೆದು ನಿಲ್ಲುತ್ತಿತ್ತು. ಆ ಬಾಲ್ಕನಿಯ ಹಿಮದ ಮೇಲೆ ಒಂದು ಸ್ಟೀಲ್ ಡಬ್ಬಿ ಇಟ್ಟಿದ್ದೆ. ಊರಿಂದ ಚಕ್ಕುಲಿ ತುಂಬಿಕೊಂಡು ಬಂದ ಡಬ್ಬಿ. ಅದರೊಳಗೆ ಈಗ ಇದ್ದದ್ದು ನಾಲ್ಕು ಬೇರಿಂಗ್. ಒಳಗೆ ಅಡುಗೆಮನೆಯ ಅವನ್‌ನಲ್ಲಿ, 100 ಡಿಗ್ರಿ ಬಿಸಿಯಲ್ಲಿ, 1950ರ ದಶಕದ ಜಾವಾ 250 ಮೋಟಾರ್‌ಸೈಕಲಿನ ಇಂಜಿನ್ ಕವಚ.

'ರೀ, ಅದು ಮಗಳಿಗೆ ಕೇಕ್ ಮಾಡೋ ಅವನ್ನು' ಎಂದಳು ಹೆಂಡತಿ.

'ಮೂರು ಸಲ ತೊಳೆದಿದ್ದೀನಿ ಮಾರಾಯ್ತಿ' ಎಂದೆ. ತೊಳೆದದ್ದು ನಿಜ. ಆದರೂ ವಾಸನೆ ವಾರ ಪೂರ್ತಿ ಹೋಗಲಿಲ್ಲ. ಅದನ್ನೂ ಒಪ್ಪಿಕೊಳ್ಳಬೇಕು.

ಇದೇನು ಹುಚ್ಚು ಎಂದು ಕೇಳಬಹುದು. ಇಂಜಿನ್ ಕವಚ ಅಲ್ಯೂಮಿನಿಯಮ್ಮಿನದು, ಬೇರಿಂಗ್ ಉಕ್ಕಿನದು. ಬಿಸಿ ಮಾಡಿದರೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಕವಚವನ್ನು ಬಿಸಿ ಮಾಡಿ, ಬೇರಿಂಗನ್ನು ತಣ್ಣಗೆ ಮಾಡಿದರೆ ಅದು ಸುತ್ತಿಗೆಯ ಏಟಿಲ್ಲದೆ ತನ್ನಷ್ಟಕ್ಕೆ ಗೂಡಿನೊಳಗೆ ಇಳಿದು ಕೂರುತ್ತದೆ. ನಮ್ಮೂರ ಮೆಕ್ಯಾನಿಕ್ಕು ಮರದ ತುಂಡು ಇಟ್ಟು ನಾಲ್ಕು ಏಟು ಹಾಕಿ ಮುಗಿಸುವ ಕೆಲಸ. ನನಗೆ ಆ ದಾರಿ ಇರಲಿಲ್ಲ. ಸುತ್ತಿಗೆ ಹಿಡಿಯಲು ನನ್ನ ಕೈ ಆಗುತ್ತಿರಲಿಲ್ಲ.

ಹಾಲಿನ ಪೊಟ್ಟಣದ ಮುಚ್ಚಳ

ನಾನು ಮೈಸೂರಿನವನು. ಬಿಕಾಂ, ಆಮೇಲೆ ಸಿಎ. ಒಂಬತ್ತು ವರ್ಷದಿಂದ ಇಲ್ಲಿನ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಲುಲೆಯೊ ಎಂದರೆ ಸ್ಟಾಕ್‌ಹೋಮ್‌ನಿಂದ ಉತ್ತರಕ್ಕೆ ಸುಮಾರು 900 ಕಿಲೋಮೀಟರ್. ಉಕ್ಕಿನ ಕಾರ್ಖಾನೆ, ಅದಿರಿನ ಬಂದರು, ತಾಂತ್ರಿಕ ವಿಶ್ವವಿದ್ಯಾಲಯ, ಫೇಸ್‌ಬುಕ್ಕಿನ ದತ್ತಾಂಶ ಕೇಂದ್ರ, ಇಷ್ಟು ಇರುವ ಊರು. ಡಿಸೆಂಬರಿನಲ್ಲಿ ಹಗಲು ಮೂರು ಗಂಟೆ, ಜೂನ್‌ನಲ್ಲಿ ರಾತ್ರಿಯೇ ಇಲ್ಲ. ಚಳಿಗಾಲದಲ್ಲಿ ಸಮುದ್ರ ಹೆಪ್ಪುಗಟ್ಟಿದರೆ ಅದರ ಮೇಲೆಯೇ ದಾರಿ ಮಾಡುತ್ತಾರೆ, ಜನ ಮಕ್ಕಳನ್ನು ಕರೆದುಕೊಂಡು ವಾಕಿಂಗ್ ಹೋಗುತ್ತಾರೆ.

2022ರ ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಹಾಲಿನ ಪೊಟ್ಟಣದ ಮುಚ್ಚಳ ತಿರುಗಿಸಲು ಹೋದರೆ ಬೆರಳು ಮಡಚಲಿಲ್ಲ. ಚಳಿ ಇರಬೇಕು ಅಂದುಕೊಂಡೆ. ಹತ್ತು ಗಂಟೆಯ ಹೊತ್ತಿಗೆ ಸರಿಯಾಯಿತು. ಮಾರನೆಯ ದಿನ ಮತ್ತೆ ಹಾಗೇ. ನವೆಂಬರಿನಲ್ಲಿ ಎರಡೂ ಮಣಿಕಟ್ಟು ಊದಿದವು. 1177ಕ್ಕೆ ಫೋನ್ ಮಾಡಿದೆ. ಇಲ್ಲಿ ಕಾಯಿಲೆ ಬಿದ್ದರೆ ಮೊದಲು ಕರೆ ಮಾಡಬೇಕಾದ ಸಂಖ್ಯೆ ಅದು, ದಾದಿಯರು ವಿಚಾರಿಸಿ ದಾರಿ ಹೇಳುತ್ತಾರೆ. ಮೊದಲು ನೋಡಿದ ವೈದ್ಯರು ಕಂಪ್ಯೂಟರ್ ಕೆಲಸದ ಸೆಳೆತ ಎಂದು ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಅಲ್ಲಿ ಎರಡು ತಿಂಗಳು ಹೋಯಿತು. ನಾನೂ ಪಟ್ಟು ಹಿಡಿದು ಕೇಳಲಿಲ್ಲ. ನಮ್ಮವರ ಅಭ್ಯಾಸ ಗೊತ್ತಲ್ಲ, ಪರದೇಶದಲ್ಲಿ ಡಾಕ್ಟರ ಮುಂದೆ ವಾದ ಮಾಡಬಾರದು ಅಂತ.

2023ರ ಫೆಬ್ರವರಿಯಲ್ಲಿ ರಕ್ತಪರೀಕ್ಷೆ ಆಗಿ, ಕೀಲುರೋಗ ತಜ್ಞರ ಬಳಿ ಹೋಗಿ, ಹೆಸರು ಸಿಕ್ಕಿತು: ರುಮಟಾಯ್ಡ್ ಆರ್ಥ್ರೈಟಿಸ್. ಮೈಯ ರಕ್ಷಣಾ ವ್ಯವಸ್ಥೆ ದಾರಿತಪ್ಪಿ ತನ್ನದೇ ಕೀಲುಗಳ ಮೇಲೆ ಬೀಳುವ ಕಾಯಿಲೆ. ವಯಸ್ಸಾದವರ ಮಂಡಿನೋವು ಬೇರೆ, ಇದು ಬೇರೆ. ಗುಣವಾಗುವುದಿಲ್ಲ, ಆದರೆ ಬೇಗ ಔಷಧ ಶುರುಮಾಡಿದರೆ ಹದ್ದುಬಸ್ತಿನಲ್ಲಿ ಇಡಬಹುದು. ಮೆಥೊಟ್ರೆಕ್ಸೇಟ್ ಮಾತ್ರೆ ಶುರುವಾಯಿತು. ಇದನ್ನು ಓದುವವರ ಮನೆಯಲ್ಲಿ ಯಾರಿಗಾದರೂ ಈ ಮಾತ್ರೆ ಇದ್ದರೆ ಒಂದು ಮಾತು: ಈ ಕಾಯಿಲೆಗೆ ಇದು ವಾರಕ್ಕೆ ಒಂದು ದಿನ ಮಾತ್ರ ತೆಗೆದುಕೊಳ್ಳುವ ಔಷಧ. ಮರೆತು ದಿನಾ ನುಂಗಿದರೆ ಜೀವಕ್ಕೇ ಅಪಾಯ. ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ಶುಕ್ರವಾರಕ್ಕೆ ಮಗಳು ಕೆಂಪು ಚುಕ್ಕೆ ಹಾಕಿದ್ದಾಳೆ.

ಈ ಎಲ್ಲದರಲ್ಲಿ ಒಂದು ಕೆಲಸ ಮಾತ್ರ ಮಾಡಲಿಲ್ಲ. ಮೈಸೂರಿನಲ್ಲಿರುವ ಅಮ್ಮನಿಗೆ ಹೇಳಲಿಲ್ಲ.

ಶೆಡ್ಡಿನಲ್ಲಿ ಸಿಕ್ಕಿದ್ದು

ಆಸ್ಪತ್ರೆಯಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಎಂಬ ಹುದ್ದೆಯವರಿದ್ದಾರೆ. ಕೈಕಾಲು ಸರಿಯಿಲ್ಲದವರಿಗೆ ದಿನದ ಕೆಲಸ ಹೇಗೆ ಮಾಡಿಕೊಳ್ಳುವುದೆಂದು ಕಲಿಸುತ್ತಾರೆ. ಆ ಹೆಣ್ಣುಮಗಳು ನನ್ನ ಹಿಡಿತದ ಬಲ ಅಳೆದು ಕೇಳಿದ ಮೊದಲ ಪ್ರಶ್ನೆ, ಈ ಕೈಯಲ್ಲಿ ನಿನಗೆ ಏನು ಮಾಡಬೇಕಾಗಿದೆ? ಅಲ್ಲಿಯವರೆಗೆ ಎಲ್ಲರೂ ಏನು ಮಾಡಲಾಗುವುದಿಲ್ಲ ಎಂದೇ ಕೇಳಿದ್ದರು. ಯೋಚಿಸದೆ ಬಾಯಿಗೆ ಬಂತು: ಮೋಟಾರ್‌ಸೈಕಲ್ ಬಿಚ್ಚಿ ಜೋಡಿಸಬೇಕು.

ಅದಕ್ಕೆ ಕಾರಣ ಅಪ್ಪನ ಯೆಜ್ಡಿ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇದ್ದದ್ದು ನನ್ನ ವಯಸ್ಸಿನವರಿಗೆ ನೆನಪಿರುತ್ತದೆ. ಜೆಕೊಸ್ಲೊವಾಕಿಯಾದ ಜಾವಾವನ್ನು 1961ರಿಂದ ಅಲ್ಲಿ ತಯಾರಿಸುತ್ತಿದ್ದರು. 1973ರಿಂದ ಅದರ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಭಾನುವಾರ ಬೆಳಿಗ್ಗೆ ಅಪ್ಪ ಅಂಗಳದಲ್ಲಿ ಹಳೆ ಪೇಪರ್ ಹಾಸಿ ಕಾರ್ಬುರೇಟರ್ ಬಿಚ್ಚುತ್ತಿದ್ದರು, ನಾನು ಸ್ಕ್ರೂ ಎಣಿಸಿ ತಟ್ಟೆಗೆ ಹಾಕುತ್ತಿದ್ದೆ. ಲೆಕ್ಕಪರಿಶೋಧನೆ ಅಲ್ಲೇ ಶುರುವಾದದ್ದು ಅನ್ನಬಹುದು. ಅಪ್ಪ ತೀರಿಕೊಂಡ ಮೇಲೆ ಗಾಡಿ ಯಾರಿಗೋ ಹೋಯಿತು.

2023ರ ಸೆಪ್ಟೆಂಬರಿನಲ್ಲಿ ಬೂಡೆನ್ ಹತ್ತಿರದ ಒಂದು ತೋಟದ ಮನೆಯ ಶೆಡ್ಡಿನಲ್ಲಿ ಜೆಕ್ ಜಾವಾ ಒಂದು ಮಾರಾಟಕ್ಕಿದೆ ಎಂದು ತಿಳಿಯಿತು. ಇಂಜಿನ್ ಅಂಟಿಕೊಂಡಿತ್ತು, ಟ್ಯಾಂಕಿನಲ್ಲಿ ಇಲಿಗೂಡು. 6,500 ಕ್ರೋನಾ ಕೊಟ್ಟೆ. ಹೆಂಡತಿ ಎರಡು ದಿನ ಮಾತಾಡಲಿಲ್ಲ.

ಯೆಜ್ಡಿ ಓಡಿಸಿದವರಿಗೆ ಗೊತ್ತು, ಈ ಗಾಡಿಯಲ್ಲಿ ಕಿಕ್ಕರ್ರೂ ಗೇರೂ ಒಂದೇ ಲಿವರ್. ಇನ್ನೊಂದು ಗುಟ್ಟು ಇದೆ. ಕಾಲಿನಿಂದ ಗೇರ್ ಲಿವರ್ ಒತ್ತಿದೊಡನೆ ಒಳಗಿನ ಒಂದು ಸಣ್ಣ ಏರ್ಪಾಡು ಕ್ಲಚ್ಚನ್ನೂ ಬಿಡಿಸುತ್ತದೆ. ಓಡುವಾಗ ಗೇರ್ ಬದಲಿಸಲು ಎಡಗೈಯ ಕ್ಲಚ್ ಹಿಡಿಯಲೇಬೇಕೆಂದಿಲ್ಲ. ಹುಡುಗರಾಗಿದ್ದಾಗ ನಮಗೆ ಅದು ಬರೀ ಶೋಕಿ. ಬೆರಳು ಮಡಚದ ನಲವತ್ತನಾಲ್ಕರ ವಯಸ್ಸಿನಲ್ಲಿ ಅದೇ ನನಗೆ ಬೇಕಾಗಿದ್ದ ಗಾಡಿ. ಹೊಸ ಗಾಡಿಗಳ ಕ್ಲಚ್ಚನ್ನು ಅರ್ಧ ಗಂಟೆ ಹಿಡಿದು ಬಿಡುವುದೂ ನನ್ನಿಂದಾಗದು.

ಹಾಗೆಂದು ಇದ್ದ ಹಾಗೇ ಜೋಡಿಸಿದರೆ ಸಾಲದು, ಗಾಡಿಯನ್ನು ನನ್ನ ಕೈಗೆ ತಕ್ಕಂತೆ ಮಾಡಬೇಕಿತ್ತು. ಮುಂದಿನ ಡ್ರಮ್ ಬ್ರೇಕಿನ ಕೇಬಲ್ ಎಳೆಯಲು ಬಲ ಬೇಕು. ಅದಕ್ಕೆ ಹಳೆಯ ಜಪಾನಿ ಬೈಕಿನ ಫೋರ್ಕ್ ಮತ್ತು ಡಿಸ್ಕ್ ತಂದೆ, ಎರಡು ಬೆರಳಲ್ಲಿ ಒತ್ತಿದರೆ ನಿಲ್ಲುತ್ತದೆ. ಹ್ಯಾಂಡಲ್ ಎತ್ತರಿಸಿ ಹಿಂದಕ್ಕೆ ಬಾಗಿಸಿದ್ದರಿಂದ ಮೈಭಾರ ಮಣಿಕಟ್ಟಿನ ಮೇಲೆ ಬೀಳುವುದಿಲ್ಲ. ಹಿಡಿಗಳಿಗೆ ಫೋಮ್ ಸುತ್ತಿ ದಪ್ಪ ಮಾಡಿದೆ. ಸಣ್ಣ ವಸ್ತುವನ್ನು ಬಿಗಿಯಾಗಿ ಹಿಡಿದರೆ ಕೀಲಿಗೆ ಪೆಟ್ಟು, ದಪ್ಪಗಿದ್ದರೆ ಕಡಿಮೆ. ಅಡುಗೆಮನೆಯ ಚಾಕು, ಸೌಟುಗಳಿಗೂ ಈಗ ಅದೇ ಫೋಮ್ ಇದೆ. 6 ವೋಲ್ಟಿನ ಹಳೆ ವಿದ್ಯುತ್ ವ್ಯವಸ್ಥೆ ತೆಗೆದು ಜೆಕ್ ದೇಶದ ವೇಪ್ ಕಂಪನಿಯ 12 ವೋಲ್ಟ್ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ ಮೇಲೆ ಕಿಕ್ಕರ್ ಎರಡನೇ ಒದೆತಕ್ಕೇ ಮಣಿಯುತ್ತದೆ.

ಬೆಸುಗೆ ಕೆಲಸ ಕಲಿಸಿದ್ದು ಕೆಳಗಿನ ಮನೆಯ ಅಜ್ಜ, ನಿವೃತ್ತ ಉಕ್ಕಿನ ಕಾರ್ಮಿಕ. ಕಾಫಿ ಕುಡಿದು ಸುಮ್ಮನೆ ಕೂರುವುದು, ನಾನು ತಪ್ಪು ಮಾಡಿದಾಗ ಮಾತ್ರ ಬಾಯಿ ಬಿಡುವುದು. ಈ ಕಡೆಯ ಜನ ಹೌದು ಎನ್ನಲು ಮಾತೇ ಆಡುವುದಿಲ್ಲ, 'ಶೂಪ್' ಎಂದು ಉಸಿರನ್ನು ಒಳಗೆ ಎಳೆದುಕೊಳ್ಳುತ್ತಾರೆ. ಒಮ್ಮೆ ವಿಡಿಯೊ ಕರೆಯಲ್ಲಿದ್ದ ಅಮ್ಮ ಅದನ್ನು ಕೇಳಿ, 'ಅಯ್ಯೋ, ಆ ಅಜ್ಜನಿಗೆ ಉಸಿರು ಕಟ್ತಿದೆ ಕಣೋ, ನೀರು ಕೊಡೋ' ಎಂದು ಗಾಬರಿಯಾದರು.

ಎಕ್ಸೆಲ್ ಹಾಳೆ

ಅಕೌಂಟೆಂಟ್ ಅಲ್ಲವೇ, ಲೆಕ್ಕ ಬರೆದೆ. ತಾರೀಖು, ಖರ್ಚು, ಕೆಲಸ ಮಾಡಿದ ನಿಮಿಷ, ಮಾರನೆಯ ಬೆಳಿಗ್ಗೆ ಬೆರಳು ಸಡಿಲಾಗಲು ಹಿಡಿದ ಸಮಯ, ಸೊನ್ನೆಯಿಂದ ಹತ್ತರವರೆಗೆ ನೋವಿನ ಅಂಕ. ಆರು ತಿಂಗಳಾದ ಮೇಲೆ ನೋಡಿದರೆ, ಒಂದೇ ಸಮ ನಲವತ್ತು ನಿಮಿಷ ಮೀರಿ ಸ್ಪ್ಯಾನರ್ ಹಿಡಿದ ದಿನಗಳ ಮರುದಿನವೇ ನೋವು ಜಾಸ್ತಿ. ಇಪ್ಪತ್ತು ನಿಮಿಷದಂತೆ ಮೂರು ಸಲ ಮಾಡಿದರೆ ಏನೂ ಆಗುತ್ತಿರಲಿಲ್ಲ. ಇನ್ನೊಂದು ವಿಷಯವೂ ಕಂಡಿತು. ಗಾಡಿ ಮುಟ್ಟದ ವಾರಗಳಲ್ಲಿ ನೋವು ಕಡಿಮೆಯಾಗಿರಲಿಲ್ಲ, ಹೆಚ್ಚಾಗಿತ್ತು. ಹಾಳೆಯನ್ನು ತಜ್ಞರಿಗೆ ತೋರಿಸಿದೆ. ಅವರು ನಕ್ಕರು, ಆಮೇಲೆ ಗಂಭೀರವಾಗಿ ನೋಡಿ ಔಷಧದ ಪ್ರಮಾಣ ಬದಲಿಸಿದರು.

ರಜೆಯ ಲೆಕ್ಕವನ್ನೂ ಇಲ್ಲಿ ಹೇಳಿಬಿಡುತ್ತೇನೆ, ಸ್ವೀಡನ್ನಿನಲ್ಲಿ ಮಕ್ಕಳಿರುವವರಿಗೆ ಉಪಯೋಗವಾದೀತು. ನೌಕರ ಕಾಯಿಲೆ ಬಿದ್ದರೆ ಮೊದಲ ಎರಡು ವಾರ ಕಂಪನಿ ಸಂಬಳದ ಶೇ 80ರಷ್ಟು ಕೊಡುತ್ತದೆ. ಆದರೆ ಪ್ರತಿ ಸಲ ರಜೆ ಹಾಕಿದಾಗಲೂ ಸರಾಸರಿ ಒಂದು ವಾರದ ಆ ಮೊತ್ತದಲ್ಲಿ ಐದನೇ ಒಂದು ಭಾಗ ಕಡಿತ. ಎಂಟನೇ ದಿನದಿಂದ ವೈದ್ಯರ ಪತ್ರ ಬೇಕು, ಎರಡು ವಾರದ ನಂತರ ಸರಕಾರದ ವಿಮಾ ಇಲಾಖೆ ಕೊಡುತ್ತದೆ. ಪದೇ ಪದೇ ಮಲಗಿಸುವ ಕಾಯಿಲೆ ಇದ್ದವರು ಆ ಕಡಿತದಿಂದ ವಿನಾಯಿತಿ ಕೇಳಬಹುದು. ನಮ್ಮ ಹುಡುಗರು ಇದನ್ನು ಕೇಳುವುದಿಲ್ಲ, ನೋವು ನುಂಗಿಕೊಂಡು ಆಫೀಸಿಗೆ ಹೋಗುತ್ತಾರೆ. ನಾನೂ ಹೋದವನೇ.

2024ರ ದೀಪಾವಳಿಯ ದಿನ ಗುಟ್ಟು ಬಯಲಾಯಿತು. ಪೂಜೆ ಮುಗಿಸಿ ಕರೆ ಮಾಡಿದ್ದೆವು. ನಾನು ಕಾಫಿ ಲೋಟವನ್ನು ಎರಡೂ ಅಂಗೈಯಲ್ಲಿ ಒತ್ತಿ ಎತ್ತಿದ್ದನ್ನು ಅಮ್ಮ ನೋಡಿದರು. 'ಕೈ ತೋರಿಸು' ಎಂದರು. ತೋರಿಸಿದೆ. ಬಹಳ ಹೊತ್ತು ಮಾತಿಲ್ಲ. 'ನಿಮ್ಮಪ್ಪನೂ ಹೀಗೇ. ಎದೆನೋವು ಅಂತ ಆರು ತಿಂಗಳು ಹೇಳಲಿಲ್ಲ' ಎಂದರು. ಆ ರಾತ್ರಿ ನಾನು ಮಲಗಲಿಲ್ಲ. ಎರಡು ವರ್ಷ ಅಮ್ಮನನ್ನು ಚಿಂತೆಯಿಂದ ಉಳಿಸಿದೆನೆಂದು ಅಂದುಕೊಂಡಿದ್ದೆ. ಉಳಿಸಿಕೊಂಡದ್ದು ನನ್ನನ್ನು, ಆ ಮಾತುಕತೆಯಿಂದ.

ಮರುದಿನದಿಂದ ಅಮ್ಮನ ಪ್ರಶ್ನೆ ದಿನಾ ಎರಡು: ಮಾತ್ರೆ ತಗೊಂಡ್ಯಾ, ಗಾಡಿ ಎಲ್ಲಿಗೆ ಬಂತು.

ರಸ್ತೆಗೆ

ಇಲ್ಲಿ ಗಾಡಿಯನ್ನು ಬೇಕಾದ ಹಾಗೆ ಬದಲಿಸಿ ರಸ್ತೆಗಿಳಿಸಲಾಗದು. ಉದ್ದ ಫೋರ್ಕಿನ ಚಾಪರ್‌ಗಳಿಗೆ ಸ್ವೀಡನ್ ಹೆಸರಾಗಿದೆ, ಮನೆಯಲ್ಲಿ ಗಾಡಿ ಕಟ್ಟುವವರು ಬಹಳ. ಅವರದೇ ಸಂಸ್ಥೆ ಎಸ್‌ಎಫ್‌ಆರ್‌ಒ. ಅದರ ಪರೀಕ್ಷಕರು ಬೆಸುಗೆ, ಬ್ರೇಕು, ಚೌಕಟ್ಟು ನೋಡಿ ಪತ್ರ ಕೊಟ್ಟ ಮೇಲೆ ನೋಂದಣಿ ತಪಾಸಣೆ. ಅಲ್ಲಿಯವರೆಗೆ ಗಾಡಿಯನ್ನು ರಸ್ತೆಯಲ್ಲಿಲ್ಲ ಎಂದು ದಾಖಲಿಸಿದರೆ ತೆರಿಗೆಯೂ ಇಲ್ಲ, ವಿಮೆಯೂ ಬೇಡ. ಭಾರತದ ಲೈಸೆನ್ಸ್ ಇಲ್ಲಿ ನೆಲೆಸಿದ ಒಂದು ವರ್ಷದ ನಂತರ ನಡೆಯುವುದಿಲ್ಲ. ಆದ್ದರಿಂದ ನಲವತ್ತೈದರಲ್ಲಿ ಹುಡುಗರ ಜೊತೆ ಕೂತು ಮತ್ತೆ ಪರೀಕ್ಷೆ ಬರೆದೆ. ಮೊದಲ ಸಲ ಫೇಲ್. ಪರೀಕ್ಷಕರು ಗಾಡಿಯ ಹಿಂದಿನ ಮಡ್‌ಗಾರ್ಡ್ ಬೆಸುಗೆಯನ್ನೂ ತಿರಸ್ಕರಿಸಿದರು. ಕೆಳಗಿನ ಅಜ್ಜ ಶೂಪ್ ಎಂದರು. ಮೊದಲೇ ಹೇಳಿದ್ದರಂತೆ.

ಜುಲೈ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ. ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಅಭಿಮಾನಿಗಳು ಸೇರುತ್ತಾರೆ. 2025ರಲ್ಲಿ ಅದೇ ದಿನ ಹೊರಡಬೇಕೆಂದಿದ್ದೆ. ಆ ಬೆಳಿಗ್ಗೆ ಬಲಗೈ ಊದಿತ್ತು. ಹೊರಟದ್ದು ಮಂಗಳವಾರ ಸಂಜೆ. ಉತ್ತರ ಸ್ವೀಡನ್ನಿನಲ್ಲಿ ಆಗ ಅಪರೂಪದ ಸೆಖೆ. ಬಂಕಿನಲ್ಲಿ 98ರ ಪೆಟ್ರೋಲ್ ಹಾಕಿಸಿದೆ. 2021ರಿಂದ ಇಲ್ಲಿನ ಸಾಮಾನ್ಯ ಪೆಟ್ರೋಲಿಗೆ ಶೇ 10ರವರೆಗೆ ಎಥೆನಾಲ್ ಬೆರೆಸುತ್ತಾರೆ, ಹಳೆ ಗಾಡಿಯ ರಬ್ಬರಿಗೆ ಅದು ಆಗದು. 25ಕ್ಕೆ ಒಂದರಂತೆ ಆಯಿಲ್ ಸೇರಿಸಿದೆ.

ಹತ್ತು ಕಿಲೋಮೀಟರ್ ದೂರದ ಗಾಮೆಲ್‌ಸ್ಟಾಡ್‌ವರೆಗೆ ಹೋದೆ. 15ನೇ ಶತಮಾನದ ಕಲ್ಲಿನ ಚರ್ಚು, ಸುತ್ತ 400ಕ್ಕೂ ಹೆಚ್ಚು ಪುಟ್ಟ ಮರದ ಮನೆಗಳು. ದೂರದ ಹಳ್ಳಿಗಳಿಂದ ಪ್ರಾರ್ಥನೆಗೆ ಬಂದು ಅದೇ ದಿನ ಹಿಂತಿರುಗಲಾಗದವರು ರಾತ್ರಿ ತಂಗಲು ಕಟ್ಟಿಕೊಂಡವು. 1996ರಲ್ಲಿ ವಿಶ್ವಪರಂಪರೆ ಪಟ್ಟಿಗೆ ಸೇರಿದವು. ಅಲ್ಲಿ ನಿಲ್ಲಿಸಿ ಅಮ್ಮನಿಗೆ ಫೋನ್ ಮಾಡಿ ಸೈಲೆನ್ಸರ್ ಹತ್ತಿರ ಹಿಡಿದೆ. ಮೈಸೂರಿನಲ್ಲಿ ರಾತ್ರಿ ಹನ್ನೊಂದಾಗಿತ್ತು, ಅಮ್ಮ ಮಲಗಿರಲಿಲ್ಲ.

ಸ್ವಲ್ಪ ಹೊತ್ತು ಕೇಳಿದರು. 'ನಿಮ್ಮಪ್ಪನ ಗಾಡಿ ಇಷ್ಟು ಹೊಗೆ ಬಿಡ್ತಿರಲಿಲ್ಲ' ಎಂದರು. ವಿಡಿಯೊದಲ್ಲಿ ಕಂಡಿರಬೇಕು. ನಿಜ, ಆಯಿಲ್ ಸ್ವಲ್ಪ ಜಾಸ್ತಿಯೇ ಆಗಿತ್ತು.

ಈಗ ಗೇರ್‌ಬಾಕ್ಸಿನ ಕೆಳಗೆ ಸಣ್ಣ ಸೋರಿಕೆ ಇದೆ. ಚಳಿಗಾಲಕ್ಕೆ ಮತ್ತೆ ಬಿಚ್ಚಬೇಕು. ಹೆಂಡತಿ ಹೊಸ ಅವನ್ ತಂದಿದ್ದಾಳೆ, ಹಳೆಯದನ್ನು ಸ್ಟೋರ್ ರೂಮಿನಲ್ಲಿ ನನ್ನ ಹೆಸರಿಗೆ ಬಿಟ್ಟಿದ್ದಾಳೆ.